ಹೆಚ್ಚಿದ ತೆರಿಗೆ ಯಾರ ಪಾಲು?

ನಮ್ಮಲ್ಲಿ ಅನೇಕ ಮನೆಗಳ ಮಕ್ಕಳು ಇಂದು ಕ್ಯಾಲಿಫೋರ್ನಿಯದಲ್ಲಿ ಮನೆ ಕೊಂಡು ನೆಲೆಸಿದ್ದಾರೆ. ಅವರಿಗೆ ಆಸ್ತಿ ತೆರಿಗೆಯ ಬಿಲ್ಲು ಬರುವುದು ನಗರಸಭೆಯಿಂದಲ್ಲ, ಕೌಂಟಿಯಿಂದ. ಕೌಂಟಿಯೆಂದರೆ ಸುಮಾರಾಗಿ ನಮ್ಮ ಜಿಲ್ಲೆಯಂತೆ. ಆದರೆ ಅದರ ಆಡಳಿತ ಜಿಲ್ಲಾಧಿಕಾರಿಯದಲ್ಲ, ಜನ ಆರಿಸಿದ ಮಂಡಳಿಯದು. ಆಸ್ತಿಗೆ ಬೆಲೆ ಕಟ್ಟಿ, ತೆರಿಗೆ ವಸೂಲು ಮಾಡಿ, ನಗರಸಭೆಗೂ ಶಾಲೆಗಳಿಗೂ ಅವರವರ ಪಾಲು ಹಂಚಿ, ಉಳಿದ ತನ್ನ ಪಾಲಿನಲ್ಲಿ ಬಡವರ ಆಸ್ಪತ್ರೆ, ಸೆರೆಮನೆ, ನಿರ್ಗತಿಕರ ನೆರವು ಇವನ್ನೆಲ್ಲ ಕೌಂಟಿ ನೋಡಿಕೊಳ್ಳಬೇಕು. ಊರು ಕಟ್ಟುವ ಹೆಸರಿನಲ್ಲಿ ಈ ಪಾಲು ಅರುವತ್ತು ವರ್ಷ ಬೇರೆ ಕೈಗೆ ಹೋದ ಕಥೆ ತಿಳಿಯತಕ್ಕದ್ದು.

1945ರಲ್ಲಿ ಕ್ಯಾಲಿಫೋರ್ನಿಯ ತನ್ನ ನಗರಗಳಿಗೆ ಮರುನಿರ್ಮಾಣ ಸಂಸ್ಥೆಗಳನ್ನು ಸ್ಥಾಪಿಸುವ ಅಧಿಕಾರ ಕೊಟ್ಟಿತು. 1949ರ ವಸತಿ ಕಾಯಿದೆಯಂತೆ ವಾಷಿಂಗ್ಟನ್ ಸರಕಾರವು ಇಂಥ ಕೆಲಸದ ನಿವ್ವಳ ಖರ್ಚಿನಲ್ಲಿ ಮೂರರಲ್ಲಿ ಎರಡು ಪಾಲು ಕೊಡಲು ಒಪ್ಪಿತು. ಮಿಕ್ಕ ಒಂದು ಪಾಲಿಗೆ ಹಣವೆಲ್ಲಿ? ಅದಕ್ಕೊಂದು ಜಾಣ ಉಪಾಯ ಹುಡುಕಿ, 1952ರಲ್ಲಿ ಮತದಾರರ ಒಪ್ಪಿಗೆ ಪಡೆದು ರಾಜ್ಯದ ಸಂವಿಧಾನದಲ್ಲೇ ಸೇರಿಸಿದರು.

ಉಪಾಯವನ್ನು ನಮ್ಮ ಕಡೆಯ ಮಾತಿನಲ್ಲೇ ಹೇಳೋಣ. ಅಣ್ಣತಮ್ಮಂದಿರ ಪಾಲಿಗಿರುವ ಅಡಿಕೆ ತೋಟದಲ್ಲಿ ಒಬ್ಬ ಸಾಲ ಮಾಡಿ ಬಾವಿ ತೋಡಿಸುತ್ತಾನೆ. "ಈವರೆಗಿನ ಫಸಲನ್ನು ಎಂದಿನಂತೆ ಹಂಚಿಕೊಳ್ಳೋಣ, ಹೆಚ್ಚಾದದ್ದು ಸಾಲ ತೀರುವ ತನಕ ನನಗೆ" ಎನ್ನುತ್ತಾನೆ. ನ್ಯಾಯವೇ. ಆದರೆ ಇನ್ನೊಬ್ಬ ಕೇಳಬಹುದಲ್ಲ: "ಒಳ್ಳೆಯ ಮಳೆ ಬಂದು ಹೆಚ್ಚಾದದ್ದೂ ನಿನ್ನ ಬಾವಿಯದೇ?" ಮರುನಿರ್ಮಾಣಕ್ಕೆ ಗೊತ್ತುಮಾಡಿದ ಪ್ರದೇಶದ ಆಸ್ತಿ ಮೌಲ್ಯ ಆ ವರ್ಷಕ್ಕೇ ನಿಂತಿತೆಂದು ಲೆಕ್ಕ. ಅಲ್ಲಿಂದ ಮುಂದೆ ಏರಿದ ಮೌಲ್ಯದ ತೆರಿಗೆ ಸಂಸ್ಥೆಯ ಸಾಲಕ್ಕೆ. ಕೌಂಟಿಯೇ ವಸೂಲು ಮಾಡಿ, ಕೌಂಟಿಯೇ ಕೊಡಬೇಕು! ಸಂಸ್ಥೆಯ ಮಂಡಳಿಯಲ್ಲಿ ಕೂರುತ್ತಿದ್ದವರು ಬಹುಮಟ್ಟಿಗೆ ನಗರಸಭೆಯ ಸದಸ್ಯರೇ.

ಲಾಸ್ ಏಂಜಲೀಸಿನ ಬಂಕರ್ ಹಿಲ್ ಇದಕ್ಕೆ ಹೆಸರಾದ ಉದಾಹರಣೆ. ಒಂದು ಕಾಲದಲ್ಲಿ ಸಿರಿವಂತರದಾಗಿದ್ದ ಆ ಗುಡ್ಡದ ದೊಡ್ಡ ಮರದ ಮನೆಗಳು ಕ್ರಮೇಣ ಕಡಿಮೆ ಬಾಡಿಗೆಯ ಕೋಣೆಗಳಾಗಿ, ಪಿಂಚಣಿಯಲ್ಲಿ ಬದುಕುವ ಮುದುಕರಿಗೆ ಆಸರೆಯಾಗಿದ್ದವು. 1959ರ ಯೋಜನೆಯಂತೆ 133 ಎಕರೆಗಳನ್ನು ಬರಿದು ಮಾಡಿದರು. ಸಾವಿರಾರು ಜನ ಮನೆ ಬಿಟ್ಟರು. ಗುಡ್ಡವೇರುತ್ತಿದ್ದ 1901ರ ಪುಟ್ಟ ರೈಲು ಏಂಜಲ್ಸ್ ಫ್ಲೈಟ್ ಕೂಡ 1969ರಲ್ಲಿ ನಿಂತು, 1996ರಲ್ಲಷ್ಟೇ ಮತ್ತೆ ಓಡಿತು. ಗಗನಚುಂಬಿ ಕಟ್ಟಡಗಳೇನೋ ಎದ್ದವು. ಅಲ್ಲಿಂದ ಹೊರಟ ಮುದುಕರಿಗೆ ಅವುಗಳಿಂದ ಏನು ಸಿಕ್ಕಿತೆಂದು ನಾವು ಕೇಳದಿರಲಾರೆವು. ಇಂಥ ಸಂಸ್ಥೆಗಳು ಹೆಚ್ಚಿದ ತೆರಿಗೆಯಲ್ಲಿ ನೂರಕ್ಕೆ 20ನ್ನು ಬಡವರ ವಸತಿಗೆ ತೆಗೆದಿಡಬೇಕೆಂಬ ಕಾನೂನು ಬಂದದ್ದು 1976ರಲ್ಲಿ.

ಮೊದಮೊದಲು ಕೌಂಟಿಗೆ ಒಂದು ದಾರಿಯಿತ್ತು. ಹಣ ಕಡಿಮೆ ಬಿದ್ದರೆ ತೆರಿಗೆಯ ದರವನ್ನೇ ಏರಿಸಬಹುದಿತ್ತು. 1978ರ ಜೂನಿನಲ್ಲಿ ಮತದಾರರು 13ನೆಯ ಪ್ರಸ್ತಾವವನ್ನು ಗೆಲ್ಲಿಸಿ ದರವನ್ನು ಮೌಲ್ಯದ ನೂರಕ್ಕೆ 1ಕ್ಕೆ ಕಟ್ಟಿಹಾಕಿದರು. ದಾರಿ ಮುಚ್ಚಿತು. ಇತ್ತ ನಗರಸಭೆಗಳೂ ಹಣವಿಲ್ಲದೆ ಈ ಉಪಾಯಕ್ಕೇ ಇನ್ನಷ್ಟು ಜೋತುಬಿದ್ದವು. ಶಾಲೆಗಳ ನಷ್ಟವನ್ನು ಬಹುಪಾಲು ರಾಜ್ಯ ತುಂಬಿಕೊಟ್ಟಿತು; ಕೌಂಟಿಗೆ ತುಂಬಿಕೊಡುವವರಿಲ್ಲ. ಕೆಲವು ಕೌಂಟಿಗಳು ಕೋರ್ಟಿಗೆ ಹೋದವು, ಕೆಲವು ಚೌಕಾಸಿ ಮಾಡಿ ತಮ್ಮ ಪಾಲಿನಲ್ಲಿ ಒಂದಿಷ್ಟನ್ನು ಹಿಂದಕ್ಕೆ ಪಡೆದವು. ಬಲವಿದ್ದವರಿಗೆ ಹೆಚ್ಚು, ಇಲ್ಲದವರಿಗೆ ಕಡಿಮೆ. 1993ರ ಕಾಯಿದೆ ಈ ಚೌಕಾಸಿ ನಿಲ್ಲಿಸಿ, ಮುಂದಿನ ಯೋಜನೆಗಳಲ್ಲಿ ಹಿಂದಿರುಗಿಸಬೇಕಾದ ಪಾಲನ್ನು ತಾನೇ ಗೊತ್ತುಮಾಡಿತು.

2011ರ ಹೊತ್ತಿಗೆ ಸುಮಾರು 400 ಸಂಸ್ಥೆಗಳಿದ್ದವು. ರಾಜ್ಯದ ಆಸ್ತಿ ತೆರಿಗೆಯಲ್ಲಿ ನೂರಕ್ಕೆ ಸುಮಾರು 12 ಅವುಗಳ ಕಡೆ ಹರಿಯುತ್ತಿತ್ತು. ಬೊಕ್ಕಸ ಬರಿದಾಗಿದ್ದ ಗವರ್ನರ್ ಜೆರಿ ಬ್ರೌನರ ಸರಕಾರ ಎರಡು ಕಾನೂನು ತಂದಿತು: ಒಂದು ಸಂಸ್ಥೆಗಳನ್ನು ಮುಚ್ಚಲು, ಇನ್ನೊಂದು ಹಣ ಕಟ್ಟಿದವನ್ನು ಉಳಿಸಲು. ಸಂಸ್ಥೆಗಳು ಕೋರ್ಟಿಗೆ ಹೋದವು. ಡಿಸೆಂಬರ್ 29ರಂದು ರಾಜ್ಯದ ಸುಪ್ರೀಂ ಕೋರ್ಟು ಮುಚ್ಚುವ ಕಾನೂನನ್ನು ಎತ್ತಿಹಿಡಿದು, ಉಳಿಸುವುದನ್ನು ರದ್ದುಪಡಿಸಿತು! ಅದಕ್ಕೆ ಆಧಾರವಾದದ್ದು, ಸಂಸ್ಥೆಗಳ ಹಣಕ್ಕೆ ರಾಜ್ಯ ಕೈಹಾಕಬಾರದೆಂದು ನಗರಗಳೇ ಮುಂದೆ ನಿಂತು 2010ರಲ್ಲಿ ಮತದಾರರಿಂದ ಗೆಲ್ಲಿಸಿಕೊಂಡಿದ್ದ ಪ್ರಸ್ತಾವ. ತಾವು ಹಾಕಿದ ಬೇಲಿಗೆ ತಾವೇ ಸಿಕ್ಕಿಬಿದ್ದರು. 2012ರ ಫೆಬ್ರುವರಿ 1ರಂದು ಸಂಸ್ಥೆಗಳೆಲ್ಲ ಮುಚ್ಚಿದವು. ಹಳೆಯ ಸಾಲ ತೀರಿಸಲು ಬೇಕಾದಷ್ಟು ತೆಗೆದು ಮಿಕ್ಕದ್ದನ್ನು ಹಂಚುವ ಹೊಣೆ ಕೌಂಟಿಯ ಲೆಕ್ಕಾಧಿಕಾರಿಗೇ ಬಂತು.

ಎರಡು ವರ್ಷಗಳ ಬಳಿಕ, 2014ರಲ್ಲಿ, ಅದೇ ಉಪಾಯ ಹೊಸ ರೂಪದಲ್ಲಿ ಮರಳಿತು. ಈ ಬಾರಿ ಶಾಲೆಗಳ ಪಾಲನ್ನು ಮುಟ್ಟುವಂತಿಲ್ಲ. ಕೌಂಟಿಯ ಪಾಲು ಬೇಕಾದರೆ ಅದರ ಮಂಡಳಿ ತಾನಾಗಿ ನಿರ್ಣಯ ಮಾಡಿ ಕೊಡಬೇಕು. ಎಷ್ಟು ಕೊಡಬೇಕೆಂಬುದೂ ಅದರ ಇಷ್ಟ. ನಗರಸಭೆಯ ಪಾಲೊಂದರಿಂದಲೇ ದೊಡ್ಡ ಕೆಲಸ ಸಾಗುವುದು ಕಷ್ಟ. ಆದ್ದರಿಂದ ಹಿಂದೆ ಕೇಳದೆ ತೆಗೆದುಕೊಂಡವರು ಈಗ ಯೋಜನೆಯ ಕಾಗದಗಳನ್ನು ಹಿಡಿದು ಕೌಂಟಿಯ ಬಾಗಿಲಿಗೆ ಹೋಗುತ್ತಿದ್ದಾರೆ.