ಲೆಕ್ಕದ ಡಿಗ್ರಿ, ಮೈದಾನದ ಡಿಗ್ರಿ: ಎರಡು ಪದವಿಗಳು ಹುಟ್ಟಿದ ಕಥೆ

ಪಿಯುಸಿ ಫಲಿತಾಂಶ ಬಂದ ವಾರ ನಮ್ಮ ಹಳ್ಳಿಗಳಲ್ಲಿ ಎರಡು ಪ್ರಶ್ನೆ ತಪ್ಪದೆ ಕೇಳಿಬರುತ್ತವೆ. ಒಂದು, "ಬಿ.ಕಾಂ. ಮಾಡಿದ್ರೆ ಏನಾದ್ರೂ ಕೆಲಸ ಸಿಗುತ್ತಾ?" ಇನ್ನೊಂದು, ಕಬಡ್ಡಿ, ಖೋಖೋ ಆಡುವ ಹುಡುಗ ಹುಡುಗಿಯರದ್ದು: "ಪಿ.ಟಿ. ಮೇಷ್ಟ್ರಾಗೋಕೆ ಯಾವ ಡಿಗ್ರಿ ಮಾಡಬೇಕು?"

ಎರಡಕ್ಕೂ ಉತ್ತರ ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಳೆಯ ಕಥೆ ಸಿಗುತ್ತದೆ. ಒಂದು ಪದವಿ ಲೆಕ್ಕದ ಪುಸ್ತಕದಿಂದ ಬಂತು, ಇನ್ನೊಂದು ಮೈದಾನದಿಂದ. ಆದರೆ ಎರಡರ ಹಣೆಬರಹವನ್ನೂ ಬರೆದದ್ದು ಕಾಲೇಜಲ್ಲ, ಕಾನೂನು. ಯಾವ ಕೆಲಸಕ್ಕೆ ಯಾವ ಸರ್ಟಿಫಿಕೇಟ್ ಕಡ್ಡಾಯ ಎಂದು ಕಾನೂನು ಹೇಳಿತೋ, ಆ ಸರ್ಟಿಫಿಕೇಟಿಗೆ ಬೆಲೆ ಬಂತು. ಇದು ಗೊತ್ತಿದ್ದರೆ ಮನೆಯ ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಸರಿಯಾದ ಪ್ರಶ್ನೆ ಕೇಳಬಹುದು.

ಡಿಗ್ರಿ ಇಲ್ಲದ ಕಾಲ

ಲೆಕ್ಕ ನಮ್ಮೂರುಗಳಿಗೆ ಹೊಸದಲ್ಲ. ಊರಿನ ಜಮೀನು, ಕಂದಾಯ, ಬಾಕಿ ಎಲ್ಲವೂ ಶಾನುಭೋಗರ ಕೈಯಲ್ಲಿತ್ತು. ಕಪ್ಪು ಬಟ್ಟೆಯ ಮಡಿಕೆಯ ಮೇಲೆ ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕಕ್ಕೆ ಕಡತ ಎನ್ನುತ್ತಿದ್ದರು. ಇವತ್ತು ತಾಲ್ಲೂಕು ಕಚೇರಿಯ ಫೈಲಿಗೂ ನಾವು ಕಡತ ಅನ್ನುವುದು ಅಲ್ಲಿಂದಲೇ. ಆ ವಿದ್ಯೆಗೆ ಪರೀಕ್ಷೆ ಇರಲಿಲ್ಲ. ಅಪ್ಪನಿಂದ ಮಗನಿಗೆ ಬರುತ್ತಿತ್ತು, ಬೇರೆಯವರ ಮನೆಯ ಮಕ್ಕಳಿಗೆ ಬರುತ್ತಿರಲಿಲ್ಲ. ವಂಶಪಾರಂಪರ್ಯವಾಗಿ ಬಂದ ಪಟೇಲ, ಶಾನುಭೋಗಿಕೆಯನ್ನು ನಮ್ಮ ರಾಜ್ಯದಲ್ಲಿ ರದ್ದು ಮಾಡಿದ್ದು 1961ರ ಕಾಯ್ದೆ. ಆಮೇಲೆ ಸಂಬಳದ ಗ್ರಾಮ ಲೆಕ್ಕಿಗರು ಬಂದರು.

ಮೈ ಹುರಿಗೊಳಿಸುವ ವಿದ್ಯೆಯೂ ಹಾಗೆಯೇ ಗರಡಿಮನೆಯಲ್ಲಿತ್ತು. ಗುರು ಉಸ್ತಾದ್, ಪರೀಕ್ಷೆ ಜಾತ್ರೆಯ ಕುಸ್ತಿ ಕಣ. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ದೇಶದಾಚೆಗೂ ಹೆಸರಾದ ಕೆ.ವಿ. ಅಯ್ಯರ್ ಅಂಚೆ ಮೂಲಕವೂ ಅಂಗಸಾಧನೆ ಕಲಿಸುತ್ತಿದ್ದರು. 'ಶಾಂತಲಾ' ಕಾದಂಬರಿ ಬರೆದವರೂ ಅವರೇ.

ಅಂದರೆ ವಿದ್ಯೆ ಎರಡೂ ಇತ್ತು. ಆದರೆ ಗುರುವಿನ ಮನೆ ಬಾಗಿಲು ಯಾರಿಗೆ ತೆರೆಯುತ್ತಿತ್ತೋ ಅವರಿಗಷ್ಟೇ ಸಿಗುತ್ತಿತ್ತು. ಡಿಗ್ರಿಯಿಂದ ಆದ ದೊಡ್ಡ ಉಪಕಾರವೆಂದರೆ, ಹುಟ್ಟಿನಿಂದ ಬರುತ್ತಿದ್ದದ್ದು ಓದಿನಿಂದಲೂ ಬರುವಂತಾದದ್ದು.

1913: ಲೆಕ್ಕಕ್ಕೆ ಕಾನೂನಿನ ಬಲ

ವಾಣಿಜ್ಯ ಶಿಕ್ಷಣ ನಮ್ಮ ದೇಶದಲ್ಲಿ ಶುರುವಾದದ್ದು ಗುಮಾಸ್ತರನ್ನು ತಯಾರು ಮಾಡಲು. 1886ರಲ್ಲಿ ಮದ್ರಾಸಿನಲ್ಲಿ ಪಚ್ಚೈಯಪ್ಪ ದತ್ತಿಯವರು ವಾಣಿಜ್ಯ ಶಾಲೆ ತೆರೆದರು. ಇಂಥ ಶಾಲೆಗಳಲ್ಲಿ ಕಲಿಸುತ್ತಿದ್ದದ್ದು ಲೆಕ್ಕ ಬರೆಯುವುದು, ವ್ಯಾಪಾರದ ಪತ್ರ ಬರೆಯುವುದು, ಟೈಪಿಂಗ್, ಶೀಘ್ರಲಿಪಿ. ಬ್ರಿಟಿಷ್ ಕಂಪನಿಗಳಿಗೆ, ಕಚೇರಿಗಳಿಗೆ ಬೇಕಾಗಿದ್ದದ್ದೂ ಅಷ್ಟೇ.

ತಿರುವು ಬಂದದ್ದು 1913ರಲ್ಲಿ. ಆ ವರ್ಷ ಎರಡು ಸಂಗತಿ ನಡೆದವು. ಮುಂಬೈಯಲ್ಲಿ ಸಿಡೆನ್‌ಹ್ಯಾಮ್ ವಾಣಿಜ್ಯ ಕಾಲೇಜು ಆರಂಭವಾಯಿತು. ವಾಣಿಜ್ಯಕ್ಕೆಂದೇ ಪದವಿ ಕೊಡುವ ಕಾಲೇಜು ದೇಶಕ್ಕೆ ಅದೇ ಮೊದಲು. ಅದೇ ವರ್ಷ ಬಂದ ಭಾರತೀಯ ಕಂಪನಿ ಕಾಯ್ದೆ, ಕಂಪನಿಗಳ ಲೆಕ್ಕ ಪರಿಶೋಧನೆ ಮಾಡುವವರಿಗೆ ಸರ್ಕಾರದ ಅರ್ಹತಾ ಪತ್ರ ಇರಬೇಕು ಎಂದಿತು. ಅಲ್ಲಿಯವರೆಗೆ ಯಾರು ಬೇಕಾದರೂ ಆಡಿಟರ್ ಆಗಬಹುದಿತ್ತು.

ಈ ಎರಡನ್ನೂ ಒಟ್ಟಿಗೆ ನೋಡಬೇಕು. ಒಂದು ಕಡೆ ಲೆಕ್ಕ ಕಲಿಸುವ ಕಾಲೇಜು, ಇನ್ನೊಂದು ಕಡೆ ಕಲಿತವರನ್ನೇ ಕೇಳುವ ಕಾನೂನು. ಕಂಪನಿ ಹೆಚ್ಚಾದಷ್ಟೂ ಆಡಿಟರ್ ಬೇಕು, ಅವರ ಕೈಕೆಳಗೆ ಲೆಕ್ಕ ಬಲ್ಲವರು ಬೇಕು. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ಈ ವೃತ್ತಿಯನ್ನು ಅದರದ್ದೇ ಸಂಸ್ಥೆಯ ಕೈಗೆ ಕೊಟ್ಟಿತು. ಸಿ.ಎ. ಎಂಬ ಎರಡಕ್ಷರದ ಹಿಂದೆ ಇರುವುದು ಈ ಕಾಯ್ದೆ.

ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ 1918ರಿಂದ 1920ರವರೆಗೆ ಅರ್ಥಶಾಸ್ತ್ರ ಕಲಿಸಿದವರು ಡಾ. ಬಿ.ಆರ್. ಅಂಬೇಡ್ಕರ್. ಮುಂದೆ ರೂಪಾಯಿಯ ಸಮಸ್ಯೆ ಕುರಿತು, ಪ್ರಾಂತ್ಯಗಳ ಹಣಕಾಸು ಕುರಿತು ಅವರು ಬರೆದ ಪುಸ್ತಕಗಳು ಇವತ್ತಿಗೂ ಹಣಕಾಸು ಓದುವವರಿಗೆ ಬೇಕು. ಹುಟ್ಟಿನ ಕಾರಣಕ್ಕೆ ಶಾಲೆಯಲ್ಲಿ ದೂರ ಕೂರಿಸಲ್ಪಟ್ಟವರು ದೇಶದ ಮೊದಲ ವಾಣಿಜ್ಯ ಕಾಲೇಜಿನ ಪ್ರಾಧ್ಯಾಪಕರಾದದ್ದು ಈ ಕಥೆಯ ಸಣ್ಣ ಭಾಗವಲ್ಲ.

ಹಣ ಹಳ್ಳಿಗೆ ಬಂದ ದಾರಿ

ಆಗ ಧಾರವಾಡ, ಬೆಳಗಾವಿ, ವಿಜಯಪುರ, ಕಾರವಾರ ಮುಂಬೈ ಪ್ರಾಂತ್ಯದಲ್ಲಿದ್ದವು. ಇಲ್ಲಿನ ಕಾಲೇಜುಗಳು ಮುಂಬೈ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಹುಬ್ಬಳ್ಳಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಜಗದ್ಗುರು ಗಂಗಾಧರ ವಾಣಿಜ್ಯ ಕಾಲೇಜು ಆರಂಭವಾದದ್ದು 1947ರಲ್ಲಿ. ಧಾರವಾಡಕ್ಕೆ ಕರ್ನಾಟಕ ವಿಶ್ವವಿದ್ಯಾಲಯ ಬಂದದ್ದು ಅದಾದ ಮೇಲೆ.

ಆದರೆ ಕಾಲೇಜಿಗಿಂತ ಮೊದಲೇ ಹಣಕಾಸಿನ ಸಂಸ್ಥೆಗಳು ನಮ್ಮಲ್ಲಿ ಹುಟ್ಟಿದ್ದವು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಕಟ್ಟಿದ ಸಹಕಾರ ಸಂಘವನ್ನು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಗುರುತಿಸುತ್ತಾರೆ. ಮರುವರ್ಷ, 1906ರಲ್ಲಿ, ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಕೆನರಾ ಬ್ಯಾಂಕಿಗೆ, ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಅವರು ಕಾರ್ಪೊರೇಷನ್ ಬ್ಯಾಂಕಿಗೆ ಅಡಿಪಾಯ ಹಾಕಿದರು. ಉಡುಪಿಯಲ್ಲೇ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ಏಜೆಂಟರು ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯಂಥ ಸಣ್ಣ ದುಡ್ಡನ್ನೂ ಕಟ್ಟಿಸಿಕೊಳ್ಳುತ್ತಿದ್ದರು. ಇವತ್ತು ಸಂತೆಬೀದಿಯ ಅಂಗಡಿಗಳಲ್ಲಿ ಸಂಜೆ ಪಿಗ್ಮಿ ಕಟ್ಟುವವರು ಆ ಪದ್ಧತಿಯವರೇ.

1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿದ್ದವು. ಆಗ ದೇಶದ ಎಲ್ಲಾ ಹಳ್ಳಿಗಳಿಗೆ ಸೇರಿ ಇದ್ದ ಬ್ಯಾಂಕ್ ಶಾಖೆಗಳು 1,833 ಮಾತ್ರ. 1990ರ ಹೊತ್ತಿಗೆ ಅವು 34 ಸಾವಿರ ದಾಟಿದ್ದವು. ಅಷ್ಟು ಶಾಖೆಗೆ ಅಷ್ಟು ಜನ ಬೇಕಾಯಿತು. ಹೋಬಳಿ ಮಟ್ಟದ ಊರುಗಳ ಹುಡುಗರಿಗೂ ಬ್ಯಾಂಕ್ ಕೆಲಸ ಸಿಗಬಹುದು ಎಂಬ ಆಸೆ ಹುಟ್ಟಿದ್ದು ಆಗ. ತಾಲ್ಲೂಕು ಕಾಲೇಜುಗಳಲ್ಲಿ ಬಿ.ಕಾಂ. ತುಂಬಿದ್ದರ ಹಿಂದೆ ಆ ಆಸೆಯೂ ಇದೆ.

ಬರಿಗಾಲ ಓಟಗಾರರು, ಮದ್ರಾಸಿನ ಶಾಲೆ

ಇನ್ನು ಮೈದಾನದ ಕಡೆ ಬರೋಣ. ಬ್ರಿಟಿಷರ ಕಾಲದ ಶಾಲೆಗಳಲ್ಲಿ ವ್ಯಾಯಾಮ ಅಂದರೆ ಡ್ರಿಲ್. ಕಲಿಸುತ್ತಿದ್ದವರಲ್ಲಿ ಅನೇಕರು ಸೈನ್ಯದಿಂದ ನಿವೃತ್ತರಾದವರು. 'ಡ್ರಿಲ್ ಮೇಷ್ಟ್ರು' ಎಂಬ ಹೆಸರು ಉಳಿದದ್ದು ಹಾಗೆ.

1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಓಟದ ಸ್ಪರ್ಧೆ ನೋಡಿದ ದೊರಾಬ್ಜಿ ಟಾಟಾ ಬೆರಗಾದರು. ಓಡುತ್ತಿದ್ದವರು ಹೆಚ್ಚಿನವರು ರೈತಾಪಿ ಹುಡುಗರು, ಬರಿಗಾಲಲ್ಲಿ ಓಡುತ್ತಿದ್ದರು. ಓಟದ ನಿಯಮ, ತರಬೇತಿ ಯಾವುದೂ ಅವರಿಗೆ ಗೊತ್ತಿರಲಿಲ್ಲ. ಟಾಟಾ ಅವರ ನೆರವಿನಿಂದ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಸಣ್ಣ ತಂಡ ಹೋಯಿತು. ಅದರಲ್ಲಿ ಮ್ಯಾರಥಾನ್ ಓಡಿದವರು ಬೆಳಗಾವಿಯ ಫಡೆಪ್ಪ ಚೌಗುಲೆ, 19ನೆಯವರಾಗಿ ಗುರಿ ಮುಟ್ಟಿದರು. ಕಾಲಿನಲ್ಲಿ ಬಲ ಇತ್ತು, ಕಲಿಸುವವರು ಇರಲಿಲ್ಲ.

ಕಲಿಸುವವರನ್ನು ತಯಾರು ಮಾಡುವ ಕೆಲಸ ಅದೇ 1920ರಲ್ಲಿ ಮದ್ರಾಸಿನಲ್ಲಿ ಶುರುವಾಯಿತು. ಅಮೆರಿಕದಿಂದ ಬಂದಿದ್ದ ಹ್ಯಾರಿ ಕ್ರೋ ಬಕ್ ಅವರು ವೈ.ಎಂ.ಸಿ.ಎ. ಪರವಾಗಿ ದೈಹಿಕ ಶಿಕ್ಷಣ ತರಬೇತಿ ಶಾಲೆ ತೆರೆದರು. ಆಟ, ಅಂಗಸಾಧನೆ, ಶರೀರ ರಚನೆ, ಬೋಧನಾ ಕ್ರಮ ಎಲ್ಲವನ್ನೂ ಸೇರಿಸಿ ಇದು ಶಿಕ್ಷಕರ ವೃತ್ತಿ ಎಂದು ಕಲಿಸಿದ್ದು ಇಲ್ಲಿ. 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದ ವ್ಯವಸ್ಥಾಪಕರೂ ಬಕ್ ಅವರೇ.

ಆದರೆ ಗಮನಿಸಿ. ವಾಣಿಜ್ಯಕ್ಕೆ 1913ರಲ್ಲೇ ಪದವಿ ಕಾಲೇಜು ಬಂತು. ದೈಹಿಕ ಶಿಕ್ಷಣಕ್ಕೆ ಬಹುಕಾಲ ಸರ್ಟಿಫಿಕೇಟ್, ಡಿಪ್ಲೊಮಾಗಳೇ ಗತಿ. ಪಿಯುಸಿ ನಂತರ ನೇರವಾಗಿ ಸೇರುವಂಥ ಮೂರು ವರ್ಷದ ಪೂರ್ಣ ಪದವಿಗೆ ದಾರಿಯಾದದ್ದು 1957ರ ಆಗಸ್ಟ್ 17ರಂದು, ಗ್ವಾಲಿಯರ್‌ನಲ್ಲಿ. 1857ರ ಹೋರಾಟಕ್ಕೆ ನೂರು ತುಂಬಿದ ವರ್ಷ ಅದು. ರಾಣಿ ಲಕ್ಷ್ಮೀಬಾಯಿ ಮಡಿದ ಊರಿನಲ್ಲಿ ಅವರ ಹೆಸರಿನಲ್ಲೇ ಕೇಂದ್ರ ಸರ್ಕಾರ ಕಾಲೇಜು ತೆರೆಯಿತು. ಲೆಕ್ಕಕ್ಕೂ ಮೈದಾನಕ್ಕೂ ನಡುವಿನ ಅಂತರ 44 ವರ್ಷ.

'ಅರೆಕಾಲಿಕ' ಎಂಬ ಒಂದು ಪದ

ಈ ಅಂತರ ಯಾಕೆ? ಆಟ ಕಡಿಮೆ, ಲೆಕ್ಕ ಹೆಚ್ಚು ಎಂಬ ಮನೆಮನೆಯ ಮಾತು ಒಂದು ಕಾರಣ. ಅದಕ್ಕಿಂತ ದೊಡ್ಡದು ಕಾನೂನಿನದು.

ಕಂಪನಿ ಎಷ್ಟೇ ಸಣ್ಣದಿರಲಿ, ಲೆಕ್ಕ ಪರಿಶೋಧನೆ ಆಗಲೇಬೇಕು. ನಮ್ಮೂರಿನ ವಿ.ಎಸ್.ಎಸ್.ಎನ್., ಹಾಲಿನ ಡೇರಿ ಸಂಘಗಳಿಗೂ ಪ್ರತಿ ವರ್ಷ ಆಡಿಟ್ ಕಡ್ಡಾಯ. 2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದ ಮೇಲೆ ಪೇಟೆಯ ಗೊಬ್ಬರದ ಅಂಗಡಿಗೂ ರಿಟರ್ನ್ ತುಂಬುವವರು ಬೇಕಾದರು. ಲೆಕ್ಕ ಬಲ್ಲವರಿಗೆ ಕೆಲಸ ಹುಟ್ಟಿಸುವ ಕಾನೂನು ಒಂದರ ಮೇಲೊಂದು ಬಂದಿವೆ.

ಆಟದ ವಿಷಯಕ್ಕೆ ಬನ್ನಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಓದಿದರೆ, ಪ್ರತಿ ಶಾಲೆಗೆ ಆಟದ ಮೈದಾನ ಇರಬೇಕು ಎಂದಿದೆ. ಕಲಿಸುವವರ ವಿಷಯ ಬಂದಾಗ, 6ರಿಂದ 8ನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ 'ಅರೆಕಾಲಿಕ' ಬೋಧಕರು ಎಂದಿದೆ. ಗಣಿತಕ್ಕೆ ಪೂರ್ಣಕಾಲಿಕ ಶಿಕ್ಷಕರು, ಆಟಕ್ಕೆ ಅರೆಕಾಲಿಕ. ನೂರು ಮಕ್ಕಳಿಲ್ಲದ ಹಳ್ಳಿ ಶಾಲೆಗೆ ಅದೂ ಕಡ್ಡಾಯವಲ್ಲ.

ಇದ್ದ ಶಿಕ್ಷಕರ ಪಾಡೂ ಹಗುರವಲ್ಲ. ತಮ್ಮನ್ನು ಉಳಿದ ವಿಷಯ ಶಿಕ್ಷಕರ ಸಮಾನವಾಗಿ ನೋಡಬೇಕು, ವೈದ್ಯನಾಥನ್ ವರದಿ ಜಾರಿಯಾಗಬೇಕು ಎಂದು ನಮ್ಮ ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರು ವರ್ಷಗಟ್ಟಲೆ ಕೇಳುತ್ತಾ ಬಂದಿದ್ದಾರೆ. ತಾಲ್ಲೂಕು ಕ್ರೀಡಾಕೂಟದಲ್ಲಿ ಬಿಸಿಲಲ್ಲಿ ನಿಂತು ಸೀಟಿ ಊದುವವರ ಈ ಬೇಡಿಕೆ ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಾಗಿ ಮುಗಿದುಹೋಗುತ್ತದೆ.

ಸೇರುವ ಮುಂಚೆ ತಿಳಿದಿರಲಿ

ಈ ಇತಿಹಾಸದಿಂದ ಇವತ್ತಿಗೆ ಬೇಕಾದ ನಾಲ್ಕು ಮಾತು ಹೇಳುತ್ತೇವೆ.

ಒಂದು. ದೈಹಿಕ ಶಿಕ್ಷಣದಲ್ಲಿ ಹೆಸರುಗಳು ಒಂದೇ ಥರ ಕೇಳಿಸುತ್ತವೆ. ಬಿ.ಪಿ.ಇ., ಬಿ.ಪಿ.ಇ.ಎಸ್. ಎಂಬವು ಪಿಯುಸಿ ನಂತರದ ಪದವಿಗಳು. ಬಿ.ಪಿ.ಇಡಿ. ಎಂಬುದು ಪದವಿಯ ನಂತರದ ಶಿಕ್ಷಕರ ತರಬೇತಿ. ಪ್ರೌಢಶಾಲೆಯ ದೈಹಿಕ ಶಿಕ್ಷಕರ ಹುದ್ದೆಗೆ ಕೇಳುವುದು ಈ ಎರಡನೆಯದನ್ನು. ಮೊದಲು ಅದು ಒಂದು ವರ್ಷವಿತ್ತು. ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು, ಅಂದರೆ ಎನ್.ಸಿ.ಟಿ.ಇ., 2014ರಲ್ಲಿ ಮಾಡಿದ ನಿಯಮದಿಂದ ಎರಡು ವರ್ಷವಾಯಿತು. ಪಿಯುಸಿ ಆದ ಮೇಲೆ ಒಟ್ಟು ಐದು ವರ್ಷದ ಓದು, ಐದು ವರ್ಷದ ಖರ್ಚು.

ಎರಡು. ಬಿ.ಪಿ.ಇಡಿ. ಕಾಲೇಜಿಗೆ ಎನ್.ಸಿ.ಟಿ.ಇ. ಮಾನ್ಯತೆ ಇರಲೇಬೇಕು. ಮಾನ್ಯತೆಯ ಆದೇಶ ಪತ್ರ ತೋರಿಸಿ ಎಂದು ಕೇಳುವುದು ನಿಮ್ಮ ಹಕ್ಕು. ತೋರಿಸಲು ಹಿಂದೆಮುಂದೆ ನೋಡಿದರೆ ಫೀಸು ಕಟ್ಟಬೇಡಿ.

ಮೂರು. ಬ್ಯಾಂಕ್ ಗುಮಾಸ್ತರ ಪರೀಕ್ಷೆಗೆ ಬಿ.ಕಾಂ. ಬೇಕೆಂದೇನಿಲ್ಲ, ಯಾವ ಪದವಿಯಾದರೂ ಸಾಕು. ಬಿ.ಕಾಂ. ನಿಜವಾಗಿ ಕೈಹಿಡಿಯುವುದು ಆಡಿಟ್, ತೆರಿಗೆ, ಲೆಕ್ಕಪತ್ರದ ಕಡೆ. ಬಿ.ಕಾಂ.ನಲ್ಲಿ ಶೇ. 55 ಅಂಕ ಇದ್ದರೆ ಸಿ.ಎ. ಓದಿನ ಮೊದಲ ಪರೀಕ್ಷೆ ಬರೆಯದೆ ನೇರವಾಗಿ ಮುಂದಿನ ಹಂತಕ್ಕೆ ಸೇರಬಹುದು. ಇದು ಗೊತ್ತಿಲ್ಲದೆ ಹಳ್ಳಿಯ ಎಷ್ಟೋ ಮಕ್ಕಳು ಪದವಿಗೇ ಓದು ನಿಲ್ಲಿಸುತ್ತಾರೆ.

ನಾಲ್ಕು. ನಿಯಮ ಬದಲಾಗುತ್ತಿರುತ್ತದೆ. ನಮ್ಮ ರಾಜ್ಯದಲ್ಲೇ 2021-22ರಲ್ಲಿ ನಾಲ್ಕು ವರ್ಷದ ಪದವಿಯ ಪದ್ಧತಿ ಬಂತು, 2024-25ರಿಂದ ಮತ್ತೆ ಮೂರು ವರ್ಷಕ್ಕೆ ಮರಳಿತು. ಅಣ್ಣ ಓದಿದ ನಿಯಮ ತಂಗಿಗೆ ಅನ್ವಯ ಆಗದೇ ಹೋಗಬಹುದು. ಅರ್ಜಿ ಹಾಕುವ ವರ್ಷದ ನಿಯಮವನ್ನೇ ಕೇಳಿ ತಿಳಿಯಿರಿ.

ಲೆಕ್ಕದ ಪದವಿಗೆ ಬಲ ಬಂದದ್ದು, ಒಂದು ಕೆಲಸಕ್ಕೆ ಕಲಿತವರೇ ಬೇಕು ಎಂದು ಕಾನೂನು ಹಟ ಹಿಡಿದದ್ದರಿಂದ. ಹಳ್ಳಿ ಶಾಲೆಯ ಮೈದಾನಕ್ಕೂ ಅಂಥದೊಂದು ಹಟ ಬೇಕು. ಮುಂದಿನ ಗ್ರಾಮಸಭೆಯಲ್ಲಿ, ಎಸ್.ಡಿ.ಎಂ.ಸಿ. ಸಭೆಯಲ್ಲಿ ರಸ್ತೆ, ನೀರಿನ ಜೊತೆಗೆ ಇದನ್ನೂ ಕೇಳಿ: ನಮ್ಮ ಶಾಲೆಗೆ ದೈಹಿಕ ಶಿಕ್ಷಕರ ಹುದ್ದೆ ಮಂಜೂರಾಗಿದೆಯೇ, ಆಗಿದ್ದರೆ ಎಷ್ಟು ವರ್ಷದಿಂದ ಖಾಲಿ ಇದೆ? ಸಿಕ್ಕ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಬರೆದಿಟ್ಟ ಪ್ರಶ್ನೆಯನ್ನು ತಳ್ಳಿಹಾಕುವುದು ಬಾಯಿಮಾತಿನ ಪ್ರಶ್ನೆಯಷ್ಟು ಸುಲಭವಲ್ಲ.