‘ಉಷ್ಣ’ ಎಂಬ ಮಾತು ಮತ್ತು ಮರುಕಳಿಸುವ ಉರಿಮೂತ್ರ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹೆಂಗಸರು ಈ ಬೇನೆಯನ್ನು ಸೋಂಕು ಎನ್ನುವುದು ಕಡಿಮೆ. ‘ಉಷ್ಣ ಆಗ್ಯಾದ’ ಎನ್ನುತ್ತಾರೆ. ಬಿಡಿಸಿ ಕೇಳಿದರೆ ‘ಒಂದಕ್ಕ ಹೋದ್ರ ಉರೀತದ’ ಎಂಬಷ್ಟೇ ಉತ್ತರ. ‘ಉಷ್ಣ’ ಎಂಬ ಈ ಮಾತು ಅರ್ಧ ನಿಜ ಎಂಬುದೇ ತೊಡಕು.

ಮೇ ತಿಂಗಳಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಮೈಯ ನೀರು ಬೆವರಾಗಿ ಹೋಗಿ ಮೂತ್ರ ಗಟ್ಟಿಯಾದಾಗ ಉರಿ ಸಹಜ. ಸಾಕಷ್ಟು ನೀರು ಕುಡಿದರೆ ಇಳಿಯುತ್ತದೆ. ಸೋಂಕಿನ ಉರಿಯ ನಡೆ ಬೇರೆ: ಮತ್ತೆ ಮತ್ತೆ ಅವಸರ, ಹೋದರೆ ನಾಲ್ಕು ಹನಿ, ಕಿಬ್ಬೊಟ್ಟೆ ನೋವು, ಕೆಲವೊಮ್ಮೆ ರಕ್ತ. ಹೆಚ್ಚಿನ ಸಲ ಇದಕ್ಕೆ ಕಾರಣ ಕರುಳಿನಲ್ಲೇ ಇರುವ ಇ. ಕೊಲೈ ಬ್ಯಾಕ್ಟೀರಿಯಾ, ಹೆಣ್ಣಿನ ಮೂತ್ರದ್ವಾರದ ನಾಳ ಸುಮಾರು 4 ಸೆಂಟಿಮೀಟರ್ ಮಾತ್ರವಾದ್ದರಿಂದ ಅದಕ್ಕೆ ಮೂತ್ರಚೀಲ ಸೇರುವುದು ಸುಲಭ. 6 ತಿಂಗಳಲ್ಲಿ 2 ಸಲ ಅಥವಾ ವರ್ಷದಲ್ಲಿ 3 ಸಲ ಬಂದರೆ ‘ಮರುಕಳಿಸುವ ಸೋಂಕು’ ಎಂದು ಲೆಕ್ಕ.

ನೀರಿನ ವಿಷಯಕ್ಕೆ ಪುರಾವೆ ಇದೆ. ಕಡಿಮೆ ನೀರು ಕುಡಿಯುವ, ಸೋಂಕು ಮರುಕಳಿಸುತ್ತಿದ್ದ 140 ಮಹಿಳೆಯರ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ದಿನಕ್ಕೆ ಒಂದೂವರೆ ಲೀಟರ್ ಹೆಚ್ಚು ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕಾದರೆ, ಉಳಿದವರಿಗೆ 3.2 ಸಲ. ಆದರೆ ನಾಟಿಗೆ ಹೋಗುವ ಹೆಣ್ಣಾಳಿಗೆ ‘ನೀರು ಕುಡಿ’ ಎಂದರೆ ಸಾಲದು. ಕುಡಿದರೆ ಎದ್ದು ಹೋಗಬೇಕು, ಹೋಗಲು ಮರೆ ಬೇಕು. ನಾರಾಯಣಪುರ ಜಲಾಶಯದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಎಷ್ಟೋ ಹೊಲಗಳು ನೆಲ್ಲಿನ ಗದ್ದೆಗಳಾದವು. ಆಳೆತ್ತರದ ಜೋಳ, ತೊಗರಿ ಕೊಡುತ್ತಿದ್ದ ಮರೆಯನ್ನು ಮೊಣಕಾಲೆತ್ತರದ ನೆಲ್ಲು ಕೊಡುವುದಿಲ್ಲ. ಕುಡಿಯದಿರುವುದು ಅಜ್ಞಾನವಲ್ಲ, ಲೆಕ್ಕಾಚಾರ ಎಂಬುದು ನನ್ನ ಊಹೆ. ಮೂತ್ರ ಕಟ್ಟಿದಷ್ಟೂ ಒಳಗಿನ ಬ್ಯಾಕ್ಟೀರಿಯಾಕ್ಕೆ ಬೆಳೆಯಲು ಹೊತ್ತು ಸಿಗುತ್ತದೆ.

ಇನ್ನು ಗುಳಿಗೆ. ಅಂಗಡಿಯಿಂದ ಎರಡು ತಂದು, ಉರಿ ತಗ್ಗಿದೊಡನೆ ಬಿಡುವುದು ರೂಢಿ. ನೈಟ್ರೋಫ್ಯೂರಂಟಾಯಿನ್‌ನಂಥ ಹಳೆಯ ಔಷಧಿ ಇಂದಿಗೂ ಹೆಚ್ಚಾಗಿ ಕೆಲಸ ಮಾಡುತ್ತದೆ, ಆದರೆ ವೈದ್ಯರು ಹೇಳಿದಷ್ಟು ದಿನ ನುಂಗಿದರೆ. ಮುಟ್ಟು ನಿಂತವರಲ್ಲಿ ಯೋನಿಗೆ ಹಚ್ಚುವ ಈಸ್ಟ್ರೊಜನ್ ಮುಲಾಮು ಮರುಕಳಿಕೆ ತಗ್ಗಿಸುವುದು 1993ರಿಂದಲೇ ಗೊತ್ತು. ಆದರೂ ಅತ್ತೆಯಂದಿರ ಉರಿಯನ್ನು ವಯಸ್ಸಿನ ಖಾತೆಗೆ ಬರೆದುಬಿಡುತ್ತೇವೆ. ಒಂದೇ ಬ್ಯಾಕ್ಟೀರಿಯಾ ಬಿಡದೆ ಮರಳುತ್ತಿದ್ದರೆ ಕಲ್ಲಿದೆಯೇ ಎಂದು ಸ್ಕ್ಯಾನ್ ಮಾಡಿ ನೋಡಬೇಕು. ಚಳಿಜ್ವರ, ಪಕ್ಕೆನೋವು ಬಂದರೆ, ಅಥವಾ ಉರಿ ಕಂಡವಳು ಬಸುರಿಯಾಗಿದ್ದರೆ, ಅಂದೇ ಆಸ್ಪತ್ರೆ.

ಸೋಂಕು ಮರುಕಳಿಸುವವರಿಗೆ ಗುಳಿಗೆಗೆ ಮೊದಲು ಮೂತ್ರದ ಕಲ್ಚರ್, ಅಂದರೆ ಬ್ಯಾಕ್ಟೀರಿಯಾ ಬೆಳೆಸಿ ಎಣಿಸುವ ಪರೀಕ್ಷೆ, ಆಗಬೇಕು. ಮಿಲಿಲೀಟರಿಗೆ ಒಂದು ಲಕ್ಷ ಬ್ಯಾಕ್ಟೀರಿಯಾ ಇದ್ದರೆ ಸೋಂಕು ಎಂಬ ಹಳೆಯ ಗಡಿ 1956ರಲ್ಲಿ ವೈದ್ಯ ಎಡ್ವರ್ಡ್ ಕಾಸ್ ಅವರ ಕೆಲಸದಿಂದ ಬಂದದ್ದು. ಆ ಎಣಿಕೆ ನಂಬಬೇಕಾದರೆ ನಡುಧಾರೆಯ ಮೂತ್ರ ಸುಮಾರು 2 ತಾಸಿನೊಳಗೆ ಲ್ಯಾಬ್ ಮುಟ್ಟಬೇಕು, ಇಲ್ಲವೇ ತಂಪಿನಲ್ಲಿರಬೇಕು. ಸುರಪುರದ ಆಚೆಯ ಹಳ್ಳಿಯಿಂದ ಮೇ ತಿಂಗಳ ಬಸ್ಸಿನಲ್ಲಿ ಯಾದಗಿರಿಗೆ ಹೊರಟ ಬಾಟಲಿಯಲ್ಲಿ ಬ್ಯಾಕ್ಟೀರಿಯಾ ದಾರಿಯುದ್ದಕ್ಕೂ ಬೆಳೆಯುತ್ತಲೇ ಇರುತ್ತದೆ. ಆಗ ವರದಿಯಲ್ಲಿ ಕಾಣುವ ಲಕ್ಷದಲ್ಲಿ ರೋಗದ ಪಾಲೆಷ್ಟು, ಬಸ್ಸಿನ ಉಷ್ಣದ ಪಾಲೆಷ್ಟು?