ಕಾಣದ ಮೀನಿಗೆ ಲೆಕ್ಕ ಇಡುವ ವಿದ್ಯೆ

ಕಾಡಿನಲ್ಲಿ ಎಷ್ಟು ಮರಗಳಿವೆ ಎಂದು ಎಣಿಸಬಹುದು. ಕೆರೆಯಲ್ಲಿ ಎಷ್ಟು ನೀರಿದೆ ಎಂದು ಅಳೆಯಬಹುದು. ಆದರೆ ಸಮುದ್ರದಲ್ಲಿ ಎಷ್ಟು ಮೀನಿದೆ ಎಂದು ಹೇಳುವುದು ಹೇಗೆ? ಮೀನು ಲೆಕ್ಕಕ್ಕೆ ಸಿಗುವುದು ಬಲೆಗೆ ಬಿದ್ದ ಮೇಲೆ. ಬಲೆಗೆ ಬಿದ್ದದ್ದು ಸಮುದ್ರದಲ್ಲಿ ಉಳಿದಿಲ್ಲ. ಉಳಿದದ್ದು ಕಣ್ಣಿಗೆ ಕಾಣುವುದಿಲ್ಲ. ಹೀಗಿದ್ದೂ, ಈ ವರ್ಷ ಇಷ್ಟು ಹಿಡಿಯಬಹುದು, ಇದಕ್ಕಿಂತ ಹೆಚ್ಚು ಹಿಡಿದರೆ ಮುಂದಿನ ವರ್ಷಕ್ಕೆ ತೊಂದರೆ ಎಂದು ಹೇಳಲು ಪ್ರಯತ್ನಿಸುವ ಶಾಸ್ತ್ರವೊಂದಿದೆ. ಅದೇ ಮೀನುಗಾರಿಕಾ ಸಂಪನ್ಮೂಲ ನಿರ್ವಹಣೆ.

ಇಂದು ಇದು ನಮ್ಮ ದೇಶದ ಮೀನುಗಾರಿಕಾ ಕಾಲೇಜುಗಳಲ್ಲಿ ಎಂ.ಎಫ್.ಎಸ್‌ಸಿ. ಪದವಿಯ ಒಂದು ವಿಭಾಗ. ವೈದ್ಯಕೀಯ, ಎಂಜಿನಿಯರಿಂಗ್ ಎಂದು ಓಡುವ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಇದರ ಹೆಸರೂ ತಿಳಿದಿರಲಾರದು. ಆದರೆ ಈ ವಿದ್ಯೆ ಬೆಳೆದು ಬಂದ ದಾರಿಯಲ್ಲಿ ನಮ್ಮ ಪಶ್ಚಿಮ ಕರಾವಳಿಗೆ, ಅದರಲ್ಲೂ ಅಲ್ಲಿನ ಬಡವರ ಮೀನಾದ ಬೂತಾಯಿಗೆ ದೊಡ್ಡ ಪಾತ್ರವಿದೆ.

ಮುಗಿಯದ ಕಡಲು

ಸಮುದ್ರದ ಮೀನಿಗೂ ಒಂದು ಮಿತಿ ಇದೆ ಎಂಬ ಮಾತನ್ನು ನೂರೈವತ್ತು ವರ್ಷಗಳ ಹಿಂದೆ ದೊಡ್ಡ ವಿಜ್ಞಾನಿಗಳೂ ಒಪ್ಪುತ್ತಿರಲಿಲ್ಲ. 1883ರಲ್ಲಿ ಲಂಡನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ಮೀನುಗಾರಿಕಾ ಪ್ರದರ್ಶನದಲ್ಲಿ ಖ್ಯಾತ ಜೀವವಿಜ್ಞಾನಿ ಥಾಮಸ್ ಹಕ್ಸ್‌ಲೀ ಮಾತನಾಡಿದರು. ಕಾಡ್, ಹೆರಿಂಗ್, ಬಂಗುಡೆಯಂಥ ದೊಡ್ಡ ಮೀನುಗಾರಿಕೆಗಳು ಬರಿದಾಗುವಂಥವಲ್ಲ ಎಂಬುದು ಅವರ ಅಭಿಪ್ರಾಯ. ಮನುಷ್ಯ ಹಿಡಿಯುವುದು ಸಮುದ್ರದ ಲೆಕ್ಕದಲ್ಲಿ ಅತ್ಯಲ್ಪ ಎಂದು ಅವರು ವಾದಿಸಿದರು. ಅಂದಿನ ಮೀನುಗಾರಿಕಾ ವಿಧಾನಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವರು ಈ ಮಾತು ಹೇಳಿದ್ದರು ಎಂಬುದನ್ನು ಮರೆಯಬಾರದು. ಆದರೆ ಹಾಯಿದೋಣಿಯ ಕಾಲ ಮುಗಿದು ಉಗಿಯಂತ್ರದ ಟ್ರಾಲರುಗಳು ಬಂದಾಗ ವಿಧಾನಗಳೇ ಬದಲಾದವು. ಅವರ ತೀರ್ಮಾನ ಮಾತ್ರ ಬಹುಕಾಲ ಜನರ ಮನಸ್ಸಿನಲ್ಲಿ ಉಳಿಯಿತು.

ಭಾರತದಲ್ಲಿ ಮೀನಿನ ಬಗ್ಗೆ ಸರ್ಕಾರದ ಮಟ್ಟದಲ್ಲಿ ವ್ಯವಸ್ಥಿತ ಕೆಲಸ ಮೊದಲು ನಡೆದದ್ದು ಮದರಾಸು ಪ್ರಾಂತ್ಯದಲ್ಲಿ. ದಕ್ಷಿಣ ಕನ್ನಡ ಆಗ ಆ ಪ್ರಾಂತ್ಯದ ಒಂದು ಜಿಲ್ಲೆ. ಸಹಕಾರ ಚಳವಳಿಯ ಇತಿಹಾಸದಲ್ಲಿ ಹೆಸರು ಮಾಡಿದ ಸರ್ ಫ್ರೆಡರಿಕ್ ನಿಕೊಲ್ಸನ್ ಎಂಬ ಐ.ಸಿ.ಎಸ್. ಅಧಿಕಾರಿಗೆ 1905ರಲ್ಲಿ ಮೀನುಗಾರಿಕೆಯ ಹೊಣೆ ಬಂತು. ಪಶ್ಚಿಮ ಕರಾವಳಿಯಲ್ಲಿ ರಾಶಿ ರಾಶಿಯಾಗಿ ಬಂದು ಬೀಳುತ್ತಿದ್ದ ಬೂತಾಯಿಯಿಂದ ಎಣ್ಣೆ ತೆಗೆದು, ಉಳಿದ ಹಿಂಡಿಯನ್ನು ಗೊಬ್ಬರವಾಗಿ ಮಾರುವ ಉದ್ಯಮಕ್ಕೆ ಅವರು ಪ್ರೋತ್ಸಾಹ ಕೊಟ್ಟರು. ಹೆಚ್ಚು ಹಿಡಿಯುವುದು, ಹಿಡಿದದ್ದನ್ನು ಹಾಳಾಗದಂತೆ ಬಳಸುವುದು, ಇವೇ ಅಂದಿನ ಪ್ರಶ್ನೆಗಳು. ಎಷ್ಟು ಹಿಡಿಯಬಾರದು ಎಂಬ ಪ್ರಶ್ನೆ ಇನ್ನೂ ಎದ್ದಿರಲಿಲ್ಲ.

ಬೂತಾಯಿ ಕಲಿಸಿದ ಪಾಠ

ಆ ಪ್ರಶ್ನೆಯನ್ನು ಎಬ್ಬಿಸಿದ್ದು ಬೂತಾಯಿಯೇ. ತುಳುವಿನಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಮಲಯಾಳದಲ್ಲಿ ಮತ್ತಿ ಎನಿಸಿಕೊಂಡ ಈ ಮೀನಿನ ಸ್ವಭಾವವೇ ವಿಚಿತ್ರ. ಒಂದು ವರ್ಷ ಹಿಡಿದು ಮುಗಿಯದಷ್ಟು ಬರುತ್ತದೆ. ಇನ್ನೊಂದು ವರ್ಷ ಪದಾರ್ಥಕ್ಕೂ ಸಿಗುವುದಿಲ್ಲ. ಮದರಾಸು ಮೀನುಗಾರಿಕಾ ಇಲಾಖೆಯ ಜೇಮ್ಸ್ ಹಾರ್ನೆಲ್ ಮತ್ತು ಅವರ ಸಹೋದ್ಯೋಗಿ ನಾಯ್ಡು 1920ರ ದಶಕದಲ್ಲಿ ಮಲಬಾರ್ ಕರಾವಳಿಯಲ್ಲಿ ಇದರ ಜೀವನಕ್ರಮವನ್ನು ಅಭ್ಯಾಸ ಮಾಡಿ ವರದಿ ಪ್ರಕಟಿಸಿದರು. ಈ ಮೀನು ಮಳೆಗಾಲದಲ್ಲಿ ಮೊಟ್ಟೆ ಇಡುತ್ತದೆ, ಸುಮಾರು ಒಂದು ವರ್ಷದಲ್ಲಿ ಪ್ರಾಯಕ್ಕೆ ಬರುತ್ತದೆ, ಹೆಚ್ಚೆಂದರೆ ಎರಡೂವರೆ ಮೂರು ವರ್ಷ ಬದುಕುತ್ತದೆ ಎಂಬುದು ಇಂದು ತಿಳಿದಿರುವ ಸಂಗತಿ. ಹೀಗಾಗಿ ಒಂದೆರಡು ವರ್ಷ ಮರಿಗಳು ಸರಿಯಾಗಿ ಉಳಿಯದಿದ್ದರೂ ಸಾಕು, ಇಡೀ ಕರಾವಳಿಯ ಬಲೆ ಬರಿದಾಗುತ್ತದೆ.

1940ರ ದಶಕದಲ್ಲಿ ಆದದ್ದು ಅದೇ. ಬೂತಾಯಿ ತೀರಾ ಕಡಿಮೆಯಾಯಿತು. ಮರಿಮೀನುಗಳನ್ನು ಹಿಡಿಯುವುದೇ ಕಾರಣ ಎಂದು ಭಾವಿಸಿದ ಮದರಾಸು ಸರ್ಕಾರ 1943ರಲ್ಲಿ ಮರಿ ಹಿಡಿಯುವುದಕ್ಕೂ ಕೆಲವು ಬಗೆಯ ಬಲೆಗಳಿಗೂ ನಿರ್ಬಂಧ ಹೇರಿತು. ಆದರೆ ನೂರಾರು ಮೈಲಿ ಉದ್ದದ ಕರಾವಳಿಯಲ್ಲಿ ಪ್ರತಿ ದೋಣಿಯ ಬುಟ್ಟಿ ಪರೀಕ್ಷಿಸುವವರಾರು? ಕೆಲವೇ ವರ್ಷಗಳಲ್ಲಿ ಆ ನಿರ್ಬಂಧವನ್ನು ಕೈಬಿಡಬೇಕಾಯಿತು. ಮುಂದೆ 1950ರ ದಶಕದಲ್ಲಿ ಮೀನು ತಾನಾಗಿಯೇ ಮರಳಿತು.

ಈ ಘಟನೆಯಿಂದ ಮೀನುಗಾರರು ಒಂದು ಪಾಠ ಕಲಿತರು, ವಿಜ್ಞಾನಿಗಳು ಇನ್ನೊಂದನ್ನು ಕಲಿತರು. ಮೀನು ಹೋಗುವುದೂ ಬರುವುದೂ ಕಡಲಿನ ಇಚ್ಛೆ, ಕಾನೂನಿನ ಅಗತ್ಯವಿಲ್ಲ ಎಂದು ಮೀನುಗಾರರಿಗೆ ಅನ್ನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಮೀನು ಕಡಿಮೆಯಾದದ್ದು ಬಲೆಯಿಂದಲೋ, ನೀರಿನ ಉಷ್ಣತೆ, ಆಹಾರ, ಮಳೆಗಳ ಏರುಪೇರಿನಿಂದಲೋ ಎಂದು ಬೇರ್ಪಡಿಸಿ ಹೇಳಲಾಗದಿದ್ದರೆ ಯಾವ ಕಾನೂನನ್ನೂ ಸಮರ್ಥಿಸಲಾಗದು ಎಂಬುದು ವಿಜ್ಞಾನಿಗಳಿಗೆ ಮನದಟ್ಟಾಯಿತು. ಅದನ್ನು ಬೇರ್ಪಡಿಸಲು ವರ್ಷಾನುಗಟ್ಟಲೆ ಕೂಡಿಟ್ಟ ಅಂಕಿಅಂಶ ಬೇಕು. ಅದು ಯಾರ ಬಳಿಯೂ ಇರಲಿಲ್ಲ.

ದಕ್ಕೆಯಲ್ಲಿ ನಿಂತು ಎಣಿಕೆ

1947ರ ಫೆಬ್ರುವರಿ 3ರಂದು ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಆರಂಭವಾಯಿತು. ಮದರಾಸಿನಲ್ಲಿ ಶುರುವಾಗಿ ಮಂಡಪಂಗೆ ಹೋಗಿ, ಆ ಮೇಲೆ ಕೊಚ್ಚಿಯಲ್ಲಿ ನೆಲೆ ನಿಂತ ಈ ಸಂಸ್ಥೆಯ ದೊಡ್ಡ ಸಾಧನೆ ಎಂದರೆ ಮೀನಿನ ಎಣಿಕೆ. ಸಾವಿರಾರು ಕಿಲೋಮೀಟರ್ ಕರಾವಳಿಯ ಪ್ರತಿ ದೋಣಿಯ ಮೀನನ್ನೂ ತೂಗುವುದು ಅಸಾಧ್ಯ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಸುಕಿ ನೋಡುವ ಉಪಾಯವನ್ನೇ ಇಲ್ಲಿ ಶಾಸ್ತ್ರೀಯವಾಗಿ ಬಳಸಿದರು. ಪಿ.ವಿ. ಸುಖಾತ್ಮೆಯವರಂಥ ಸಂಖ್ಯಾಶಾಸ್ತ್ರಜ್ಞರು 1950ರ ದಶಕದಲ್ಲಿ ಇದರ ಬಗ್ಗೆ ಕೆಲಸ ಮಾಡಿದರು. ಕರಾವಳಿಯನ್ನು ವಲಯಗಳಾಗಿ ವಿಂಗಡಿಸುವುದು, ಕೆಲವು ಬಂದರುಗಳನ್ನೂ ಕೆಲವು ದಿನಗಳನ್ನೂ ಆರಿಸುವುದು, ಅಂದು ದಡಕ್ಕೆ ಬಂದ ದೋಣಿಗಳಲ್ಲಿ ಕೆಲವನ್ನು ಮಾತ್ರ ಪರೀಕ್ಷಿಸುವುದು, ಅದರಿಂದ ಇಡೀ ತಿಂಗಳ ಮೀನನ್ನು ಅಂದಾಜು ಮಾಡುವುದು. ಇದು ಈಗಲೂ ನಡೆಯುತ್ತಿದೆ. ಪತ್ರಿಕೆಗಳಲ್ಲಿ ನಾವು ಓದುವ ಇಷ್ಟು ಲಕ್ಷ ಟನ್ ಮೀನು ಎಂಬ ಅಂಕಿಗಳ ಹಿಂದೆ ಬೆಳಗಿನ ಜಾವ ದಕ್ಕೆಯ ಗದ್ದಲದಲ್ಲಿ ಪುಸ್ತಕ ಹಿಡಿದು ನಿಂತ ಗಣತಿದಾರನ ಶ್ರಮವಿದೆ.

ಈ ಕೆಲಸಕ್ಕೆ ತರಬೇತಾದ ಜನ ಬೇಕಿತ್ತು. ರಾಜ್ಯಗಳ ಮೀನುಗಾರಿಕಾ ಅಧಿಕಾರಿಗಳಿಗೆ ತರಬೇತಿ ಕೊಡಲು 1961ರಲ್ಲಿ ಮುಂಬಯಿಯಲ್ಲಿ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿ ಸಿಗುತ್ತಿದ್ದುದು ಡಿಪ್ಲೊಮಾ. ಕೃಷಿ, ಪಶುವೈದ್ಯಕೀಯಗಳಂತೆ ಪಿ.ಯು.ಸಿ. ಮುಗಿಸಿದ ಹುಡುಗನೊಬ್ಬ ನೇರವಾಗಿ ಬಂದು ಮೀನುಗಾರಿಕೆಯಲ್ಲೇ ಪದವಿ ಪಡೆಯುವ ವ್ಯವಸ್ಥೆ ದೇಶದಲ್ಲಿ ಎಲ್ಲಿಯೂ ಇರಲಿಲ್ಲ.

ಅದು ಮೊದಲು ಬಂದದ್ದು ಕರ್ನಾಟಕಕ್ಕೆ. 1969ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜನ್ನು ಆರಂಭಿಸಿತು. ಭಾರತದ ಮೊದಲ ಮೀನುಗಾರಿಕಾ ಕಾಲೇಜು ಇದು. ತಮಿಳುನಾಡಿನ ತೂತ್ತುಕುಡಿಯಲ್ಲಿ ಇಂಥ ಕಾಲೇಜು ಬಂದದ್ದು 1977ರಲ್ಲಿ, ಕೇರಳದ ಪನಂಗಾಡಿನಲ್ಲಿ 1979ರಲ್ಲಿ. ಮಂಗಳೂರಿನ ಕಾಲೇಜು ಈಗ ಬೀದರಿನ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ನಾಲ್ಕು ವರ್ಷದ ಬಿ.ಎಫ್.ಎಸ್‌ಸಿ. ಪದವಿಯ ಮೇಲೆ ಎಂ.ಎಫ್.ಎಸ್‌ಸಿ. ಮತ್ತು ಪಿಎಚ್.ಡಿ. ಅಧ್ಯಯನಗಳೂ ಇಲ್ಲಿವೆ. ಮುಂಬಯಿಯ ಸಂಸ್ಥೆ 1989ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾಗಿ, ಸ್ನಾತಕೋತ್ತರ ಶಿಕ್ಷಣದ ದೊಡ್ಡ ಕೇಂದ್ರವಾಗಿದೆ.

ಅಸಲು ಮತ್ತು ಬಡ್ಡಿ

ಸಂಪನ್ಮೂಲ ನಿರ್ವಹಣೆಯ ವಿದ್ಯಾರ್ಥಿ ಕಲಿಯುವುದೇನು? ಸರಳವಾಗಿ ಹೇಳುವುದಾದರೆ ಅಸಲು ಮತ್ತು ಬಡ್ಡಿಯ ಲೆಕ್ಕ. ಸಮುದ್ರದಲ್ಲಿರುವ ಮೀನು ಅಸಲು. ಪ್ರತಿ ವರ್ಷ ಹುಟ್ಟಿ ಬೆಳೆದು ಸೇರಿಕೊಳ್ಳುವ ಮೀನು ಬಡ್ಡಿ. ಬಡ್ಡಿಯನ್ನಷ್ಟೇ ತೆಗೆದರೆ ಸಂಪತ್ತು ಉಳಿಯುತ್ತದೆ, ಅಸಲಿಗೆ ಕೈಹಾಕಿದರೆ ಮುಂದೆ ಬಡ್ಡಿಯೂ ಕಡಿಮೆ. ಎಷ್ಟು ದೋಣಿ ಇಳಿದರೆ ಎಷ್ಟು ಮೀನು ಎಂಬುದನ್ನು ಆಧರಿಸಿ 1954ರಲ್ಲಿ ಅಮೆರಿಕದ ಷೇಫರ್ ಒಂದು ಸೂತ್ರ ಕೊಟ್ಟರು. ಮೀನಿನ ಬೆಳವಣಿಗೆ ಮತ್ತು ಸಾವಿನ ಪ್ರಮಾಣವನ್ನು ಆಧರಿಸಿ 1957ರಲ್ಲಿ ಇಂಗ್ಲೆಂಡಿನ ಬೆವರ್ಟನ್ ಮತ್ತು ಹೋಲ್ಟ್ ಇನ್ನೊಂದನ್ನು ಕೊಟ್ಟರು. ಈ ಎರಡು ಇಂದಿಗೂ ಪಾಠದ ಬುನಾದಿ.

ಆದರೆ ಈ ಸೂತ್ರಗಳು ಹುಟ್ಟಿದ್ದು ಬೇರೆ ಕಡಲುಗಳಲ್ಲಿ. ಇಂಗ್ಲೆಂಡಿನ ಸುತ್ತಲಿನಂಥ ತಣ್ಣನೆಯ ಕಡಲುಗಳಲ್ಲಿ ಚಳಿಗಾಲ ಬಂದಾಗ ಮೀನಿನ ಬೆಳವಣಿಗೆ ನಿಲ್ಲುವುದರಿಂದ ಅದರ ಕಿವಿಯೊಳಗಿನ ಪುಟ್ಟ ಕಲ್ಲಿನಲ್ಲಿ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ ಮೂಡುತ್ತದೆ. ಉಂಗುರ ಎಣಿಸಿದರೆ ವಯಸ್ಸು ತಿಳಿಯಿತು. ಬೆಚ್ಚಗಿನ ನಮ್ಮ ಕಡಲಿನ ಮೀನಿನಲ್ಲಿ ಇದು ಅಷ್ಟು ಸ್ಪಷ್ಟವಲ್ಲ. ಹಾಗಾಗಿ ನಮ್ಮ ವಿದ್ಯಾರ್ಥಿಗಳು ತಿಂಗಳು ತಿಂಗಳು ದಕ್ಕೆಗೆ ಹೋಗಿ ನೂರಾರು ಮೀನುಗಳ ಉದ್ದ ಅಳೆದು, ಉದ್ದದಿಂದ ವಯಸ್ಸನ್ನು ಊಹಿಸಬೇಕು. ಇನ್ನೊಂದು ತೊಡಕೂ ಇದೆ. ಇಲ್ಲಿ ಒಂದು ಟ್ರಾಲ್ ಬಲೆ ಎಳೆದರೆ ಹತ್ತಾರು ಜಾತಿಯ ಮೀನು, ಸೀಗಡಿ, ಏಡಿಗಳು ಒಟ್ಟಿಗೆ ಬರುತ್ತವೆ. ಒಂದಕ್ಕೆ ಸರಿಹೊಂದುವ ಬಲೆಯ ಕಣ್ಣು ಇನ್ನೊಂದರ ಮರಿಗೆ ಮೃತ್ಯುವಾಗುತ್ತದೆ. ಒಂದು ಜಾತಿಗೆ ಬರೆದ ಸೂತ್ರ ಇಲ್ಲಿ ಹಾಗೆಯೇ ನಡೆಯುವುದಿಲ್ಲ.

ರಂಪಣಿ ಹೋಗಿ ಪರ್ಸೀನ್ ಬಂತು

ಲೆಕ್ಕಕ್ಕಿಂತಲೂ ಕಷ್ಟವಾದದ್ದು ಮನುಷ್ಯರ ನಿರ್ವಹಣೆ. ಮಂಗಳೂರಿನ ಕಾಲೇಜಿನ ಮೊದಲ ವರ್ಷಗಳಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಕಣ್ಣೆದುರು ನಡೆಯಿತು. ಕರಾವಳಿಯ ಹೆಸರುವಾಸಿ ಬಲೆ ರಂಪಣಿ. ದಡಕ್ಕೆ ಬಂದ ಬೂತಾಯಿ, ಬಂಗುಡೆಯ ಹಿಂಡನ್ನು ಉದ್ದದ ಬಲೆಯಿಂದ ಸುತ್ತುವರಿದು ಹತ್ತಾರು ಜನ ಸೇರಿ ಎಳೆಯಬೇಕಿತ್ತು. ಸಿಕ್ಕಿದ್ದರಲ್ಲಿ ಎಲ್ಲರಿಗೂ ಪಾಲು. ಈ ಬಲೆಗೆ ತನ್ನದೇ ಮಿತಿ ಇತ್ತು. ಮೀನು ದಡದ ಹತ್ತಿರ ಬರುವವರೆಗೂ ಕಾಯಲೇಬೇಕು.

1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬೋಟುಗಳು ಬಂದವು. ಇವು ಮೀನಿದ್ದಲ್ಲಿಗೇ ಹೋಗಿ ಹಿಂಡನ್ನು ಸುತ್ತಿ, ಚೀಲದ ಬಾಯಿಗೆ ದಾರ ಎಳೆದಂತೆ ಬಲೆಯ ತಳವನ್ನು ಬಿಗಿಯುತ್ತವೆ. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗುಂಪಾಯಿತು. ಕೆಲವು ರಂಪಣಿ ತಂಡದವರು ಗುಂಪುಗೂಡಿ ಪರ್ಸೀನ್ ಬೋಟು ಕೊಂಡರು, ಉಳಿದವರು ಕೂಲಿಗೆ ಸೇರಿದರು. ಸಂಘರ್ಷಗಳೂ ನಡೆದವು. ಮೀನಿನ ಹಂಚಿಕೆ ಬದಲಾದದ್ದು ಯಾವ ಅಧ್ಯಯನದ ಶಿಫಾರಸಿನಿಂದಲೂ ಅಲ್ಲ, ಹೊಸ ಬಲೆಯಿಂದ. ಸಾಂಪ್ರದಾಯಿಕ ಮತ್ತು ಯಾಂತ್ರಿಕ ದೋಣಿಗಳ ನಡುವೆ ದೇಶದ ಬೇರೆ ಕಡೆಯೂ ಇಂಥದೇ ಜಗಳಗಳಿದ್ದವು. ಇವುಗಳ ಹಿನ್ನೆಲೆಯಲ್ಲಿ ರಾಜ್ಯಗಳು ಒಂದೊಂದಾಗಿ ಕಾನೂನು ಮಾಡಿದವು. ಕೇರಳದಲ್ಲಿ 1980ರಲ್ಲಿ ಬಂದರೆ ಕರ್ನಾಟಕದ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಬಂದದ್ದು 1986ರಲ್ಲಿ. ಅಷ್ಟರಲ್ಲಿ ರಂಪಣಿಯ ಕಾಲ ಬಹುಮಟ್ಟಿಗೆ ಮುಗಿದಿತ್ತು.

ಮತ್ತೆ ಅದೇ ಪ್ರಶ್ನೆ

ಹಳೆಯ ಪ್ರಶ್ನೆ ಇತ್ತೀಚೆಗೆ ಮತ್ತೆ ಎದುರಾಯಿತು. ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ. ನೂರು ಬುಟ್ಟಿ ಇದ್ದಲ್ಲಿ ಒಂದೇ ಬುಟ್ಟಿ ಎಂದಂತಾಯಿತು. ಆ ಬಳಿಕ ಮೀನು ಚೇತರಿಸಿಕೊಂಡು 2023ರಲ್ಲಿ ಒಂದು ಲಕ್ಷ ಟನ್ನನ್ನು ದಾಟಿತು. ಸಮುದ್ರವನ್ನು ಬೆಚ್ಚಗಾಗಿಸಿದ ಎಲ್ ನಿನೊ ಒಂದು ಕಾರಣ, ಮರಿಮೀನುಗಳ ಬೇಟೆ ಇನ್ನೊಂದು ಎಂದು ಸಂಶೋಧಕರು ಹೇಳಿದ್ದಾರೆ. 1943ರಲ್ಲಿ ಹೀಗೆ ಎರಡನ್ನೂ ಬಿಡಿಸಿ ಹೇಳುವ ಸ್ಥಿತಿ ಇರಲಿಲ್ಲ. ಈಗ ದಶಕಗಳ ಎಣಿಕೆ ಕೈಯಲ್ಲಿದೆ.

ಕಾನೂನುಗಳಲ್ಲೂ ಈ ತಿಳಿವಳಿಕೆಯ ಗುರುತು ಕಾಣುತ್ತದೆ. 2015ರಿಂದ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಅದೇ ವರ್ಷ ಕೇರಳ ಹಲವು ಮೀನುಗಳಿಗೆ ಕನಿಷ್ಠ ಗಾತ್ರ ಗೊತ್ತುಪಡಿಸಿತು. ಬೂತಾಯಿಗೆ ಅದು 10 ಸೆಂಟಿಮೀಟರ್. ಪ್ರಖರ ದೀಪ ಹಾಕಿ ಮೀನು ಸೆಳೆಯುವ ಪದ್ಧತಿಯನ್ನು 2017ರಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿತು.

ಆದರೂ ಬುಟ್ಟಿ ಪರೀಕ್ಷಿಸುವವರಾರು ಎಂಬ 1943ರ ಪ್ರಶ್ನೆ ಹಳೆಯದಾಗಿಲ್ಲ. ಸಾಲ ಮಾಡಿ ಬೋಟು ಇಳಿಸಿದ ಮಾಲೀಕನಿಗೆ ಡೀಸೆಲ್ ಖರ್ಚು ಹುಟ್ಟಬೇಕು. ತಾನು ಬಿಟ್ಟ ಮರಿಯನ್ನು ಪಕ್ಕದ ಬೋಟಿನವನು ಹಿಡಿಯುವುದಿಲ್ಲ ಎಂಬ ಭರವಸೆ ಅವನಿಗೆ ಬೇಕು. ಆ ಭರವಸೆಯನ್ನು ಯಾವ ಸೂತ್ರವೂ ಕೊಡಲಾರದು. ಮೀನುಗಾರರ ಜೊತೆ ಕುಳಿತು, ಅವರ ಅನುಭವವನ್ನು ಕೇಳಿ, ಅವರೇ ಒಪ್ಪುವ ನಿಯಮ ರೂಪಿಸಿದರೆ ಮಾತ್ರ ಅದು ಸಾಧ್ಯ. ಈ ವಿದ್ಯೆ ಕಲಿತು ಬರುವ ಯುವಕ ಯುವತಿಯರು ಮೀನಿನ ಉದ್ದ ಅಳೆಯುವುದರಷ್ಟೇ ಶ್ರದ್ಧೆಯಿಂದ ದಕ್ಕೆಯ ಜನರ ಮಾತನ್ನೂ ಕೇಳಬೇಕಾಗಿದೆ. ಇದುವರೆಗೆ ನಮ್ಮ ಕರಾವಳಿಯಲ್ಲಿ ಬಲೆ ಮುಂದೆ ಹೋಗಿದೆ, ಲೆಕ್ಕ ಹಿಂದಿನಿಂದ ಬಂದಿದೆ. ಲೆಕ್ಕ ಒಮ್ಮೆಯಾದರೂ ಬಲೆಗಿಂತ ಮೊದಲು ಕಡಲಿಗಿಳಿಯಬೇಕು.